ಮಲ್ಲಿಗೆ ಮೇಷ್ಟ್ರು

ಶಿವರಾತ್ರಿ ಕಳೆದು ಸೆಕೆ ಶುರುವಾಯಿತೆಂದರೆ ಮೈಸೂರಿನ ಯಾವ ಬಡಾವಣೆಗೆ ಹೋದರೂ ಇಂಥವರೊಬ್ಬರು ಸಿಗುತ್ತಾರೆ. ನಮ್ಮ ಬೀದಿಯವರು ನಿವೃತ್ತ ಹೈಸ್ಕೂಲ್ ಮೇಷ್ಟ್ರು. ತಾರಸಿ ತುಂಬ ದುಂಡುಮಲ್ಲಿಗೆ ಕುಂಡಗಳು, ತಲೆಗೆ ಟವೆಲ್ಲು, ಕೈಯಲ್ಲಿ ಕತ್ತರಿ. ಗೇಟಿನ ಮುಂದೆ ಹಾದರೆ ಸಾಕು, "ಬನ್ನಿ ಬನ್ನಿ, ಎರಡೇ ನಿಮಿಷ" ಅನ್ನುತ್ತಾರೆ. ಆ ಎರಡು ನಿಮಿಷ ಮುಗಿಯುವಷ್ಟರಲ್ಲಿ ನಿಮ್ಮ ಮನೆಯ ಹಾಲು ಉಕ್ಕಿ, ಆರಿ, ಹೆಪ್ಪು ಹಾಕುವ ಹದಕ್ಕೆ ಬಂದಿರುತ್ತದೆ.

ಪಾಠ ಚಳಿಗಾಲದಲ್ಲೇ ಶುರು. ನವೆಂಬರ್ ಕೊನೆಗೆ ಗಿಡಕ್ಕೆ ನೀರು ನಿಲ್ಲಿಸಿ, ಎಲೆ ಬೋಳಿಸಿ, ರೆಂಬೆ ಸವರಿ, ಬರೀ ಕಡ್ಡಿ ಉಳಿಸುತ್ತಾರೆ. "ಅಯ್ಯೋ, ಒಣಗಿ ಹೋಯ್ತಾ ಸಾರ್?" ಎಂದು ಯಾರಾದರೂ ಕೇಳಲಿ ಅಂತಲೇ ಒಂದು ಕುಂಡ ಕಾಂಪೌಂಡಿನ ಮೇಲೆ. ಕೇಳಿದಿರೋ, ಸಿಕ್ಕಿಬಿದ್ದಿರಿ. ಮೊಗ್ಗು ಬರುವುದೇ ಹೊಸ ಚಿಗುರಿಗೆ, ಸವರದಿದ್ದರೆ ಬರೀ ಸೊಪ್ಪು ಎನ್ನುವುದು ಹತ್ತನೇ ಕ್ಲಾಸಿನ ಪರೀಕ್ಷೆಗೆ ಬರುವ ಪ್ರಶ್ನೆಯೋ ಎಂಬಂತೆ ಎರಡೆರಡು ಸಲ ಹೇಳುತ್ತಾರೆ. ಜನವರಿಯಲ್ಲಿ ಕಡಲೆಕಾಯಿ ಹಿಂಡಿ ನೆನೆಹಾಕುವ ಕಾರ್ಯಕ್ರಮ. ಅದು ಬಕೆಟ್ಟಿನಲ್ಲಿ ಹುಳಿತು ನೊರೆಯೆದ್ದ ದಿನ ಮಹಡಿ ಮನೆ ಬಾಡಿಗೆಯವರು ಕಿಟಕಿ ಮುಚ್ಚುತ್ತಾರೆ. ಮೇಷ್ಟ್ರು ಮುಚ್ಚಳ ತೆಗೆದು ಮೂಸಿ, "ಹದವಾಗಿದೆ" ಅನ್ನುತ್ತಾರೆ.

"ಹೂವಿನ ಗಿಡ ಬೆಳೆಸಿ, ಬಿ.ಪಿ. ತಾನಾಗೇ ಇಳಿಯುತ್ತೆ" ಎಂಬುದು ಅವರ ಉಚಿತ ಸಲಹೆ. ಮೊಗ್ಗಿಗೆ ಹುಳು ಬಿದ್ದ ರಾತ್ರಿ ಟಾರ್ಚು, ಬೇವಿನೆಣ್ಣೆ ಹಿಡಿದು ತಾರಸಿಯಲ್ಲಿ ಓಡಾಡಿದಾಗ ಅದು ಎಲ್ಲಿಗೆ ಏರಿತ್ತೆಂದು ಅವರ ಮನೆಯವರನ್ನು ಕೇಳಬೇಕು. "ದುಡ್ಡೂ ಉಳಿಯುತ್ತಲ್ಲ, ಹಬ್ಬದಲ್ಲಿ ಹೂವಿನ ರೇಟು ನೋಡಿದ್ದೀರಾ?" ಎಂದರೆ ಒಳಗಿನಿಂದ ಉತ್ತರ ಬರುತ್ತದೆ: "ಕುಂಡಕ್ಕೆಷ್ಟು, ಮಣ್ಣಿಗೆಷ್ಟು, ಹಿಂಡಿಗೆಷ್ಟು, ಅದನ್ನೆಲ್ಲ ಹೊತ್ತು ತಂದ ಆಟೋಗೆಷ್ಟು, ಅದನ್ನೂ ಹೇಳಿ!"

ದುಂಡುಮಲ್ಲಿಗೆ ಅರಳುವುದು ಸಂಜೆ. ಮುಡಿಯಬೇಕಾದರೆ ಮೊಗ್ಗು ಬಿರಿಯುವ ಮುಂಚೆಯೇ ಬಿಡಿಸಿ ಕಟ್ಟಬೇಕು. ಇದೂ ಮೇಷ್ಟ್ರ ಪಾಠವೇ. ಆದರೆ ಅವರು ಮೊಗ್ಗು ಎಣಿಸುತ್ತಾರೆ, ಬಿಡಿಸಗೊಡುವುದಿಲ್ಲ.

"ಗಿಡದಲ್ಲೇ ಇರಲಿ ಕಣೇ, ನೋಡೋಕೆ ಎಷ್ಟು ಚೆನ್ನ."

"ನೋಡಿ, ನೋಡಿ. ನಾಳೆ ಉದುರಿದ್ದನ್ನ ಗುಡಿಸೋಳು ನಾನು ತಾನೆ?" ಎಂದು ಆಕೆ ಬೀದಿಯಲ್ಲಿ ಹೋಗುವ ಹೂವಮ್ಮನನ್ನು ಕೂಗುತ್ತಾರೆ.

ಮೇಷ್ಟ್ರೂ ಹಿಂದೆಯೇ ಇಳಿದು ಬಂದು ಬುಟ್ಟಿಯೊಳಗೆ ಇಣುಕುತ್ತಾರೆ. "ಇದು ಎಲ್ಲೀದಮ್ಮ? ನಮ್ಮ ಮೈಸೂರು ಮಲ್ಲಿಗೆಗೆ ಜಿ.ಐ. ಟ್ಯಾಗ್ ಸಿಕ್ಕಿದೆ, ಗೊತ್ತಾ? ಹಡಗಲಿಯದಕ್ಕೂ ಇದೆ, ಉಡುಪಿಯದಕ್ಕೂ ಇದೆ."

"ಅದೆಲ್ಲ ಇರ್ಲಿ ಬುಡಿ ಸ್ವಾಮಿ. ಎಷ್ಟು ಮೊಳ ಹಾಕ್ಲಿ?"

"ಎರಡು. ಆದರೆ ನಿನ್ನ ಕೈಯಲ್ಲಿ ಬೇಡ, ನನ್ನ ಕೈಯಲ್ಲಿ ಅಳೆ."

ಮೇಷ್ಟ್ರು ಆರಡಿ ಆಳು. ಹೂವಮ್ಮ ಆ ಮೊಣಕೈಯನ್ನೊಮ್ಮೆ ನೋಡಿ, ಬುಟ್ಟಿ ತಲೆಗೇರಿಸಿಕೊಂಡು ಮುಂದಿನ ಮನೆಗೆ ಹೊರಟೇಬಿಟ್ಟಳು.