ತೊಗರಿ ಕೊಳ್ಳುವ ಸರಿಯಾದ ವಿಧಾನ

ನಾಯಿಗೆ ಹೆಸರಾದ ಬಾಗಲಕೋಟೆಯ ಮುಧೋಳ ಬೇರೆ. ನೀವು ಅಂಗಡಿ ಹಾಕಬೇಕಾದದ್ದು ಸೇಡಂ ತಾಲ್ಲೂಕಿನ ಮುಧೋಳದಲ್ಲಿ. ವಾಡಿ ಕಡೆ ಸುಳಿಯಬೇಡಿ. ಅಲ್ಲಿನ ಸಿಮೆಂಟ್ ಕಾರ್ಖಾನೆಯ ಸಂಬಳದವರು ಚೌಕಾಸಿ ಮಾಡಿ, ನಗದು ಎಣಿಸಿ, ನಾಳೆ ಇನ್ನೊಂದು ಅಂಗಡಿಗೆ ಹೋಗಿಬಿಡುತ್ತಾರೆ. ನಿಮಗೆ ಬೇಕಾದವನು ವರ್ಷಕ್ಕೊಮ್ಮೆ, ತೊಗರಿ ಬಂದಾಗ ಮಾತ್ರ ರೊಕ್ಕ ಕಾಣುವ ಗಿರಾಕಿ.

ಅಂಗಡಿಗೆ ಶಹಾಬಾದಿನ ಪರಸಿ ಹಾಸಿ, ನುಣುಪಾದದ್ದನ್ನೇ. ಕಾರಣ ಆಮೇಲೆ.

ವ್ಯಾಪಾರವನ್ನು ಜೂನ್‌ನಲ್ಲಿ ಶುರು ಮಾಡಿ. ಬೀಜ, ಗೊಬ್ಬರ, ಸಕ್ಕರೆ, ಮಗಳ ಮದುವೆಯ ಸೀರೆ, ಕೇಳಿದ್ದೆಲ್ಲ ಉದ್ರಿ ಕೊಡಿ. ಉದ್ರಿ ಒಯ್ಯುವವನು ರೇಟು ಕೇಳುವುದಿಲ್ಲ, ನೀವೂ ಹೇಳಬೇಡಿ. ಬಡ್ಡಿಯ ಮಾತಂತೂ ಬೇಡವೇ ಬೇಡ. "ನಿಮ್ದೇ ಅಂಗಡಿ ಕಾಕಾ, ರಾಶಿ ಆದಮ್ಯಾಲ ನೋಡೋಣಂತ" ಎನ್ನಿ. ಬಡ್ಡಿಯನ್ನು ಖಾತೆ ಪುಸ್ತಕ ನೋಡಿಕೊಳ್ಳುತ್ತದೆ.

ಡಿಸೆಂಬರ್, ಜನವರಿಗೆ ರಾಶಿ. ಟ್ರ್ಯಾಕ್ಟರ್ ನಿಂತ ಕೂಡಲೇ ಚಹಾ ತರಿಸಿ; ಚಹಾ ಕುಡಿದವನು ಚೀಲ ವಾಪಸ್ ಹೇರುವುದಿಲ್ಲ. ಒಂದು ಬೊಗಸೆ ಕಾಳು ತೆಗೆದು ಅಂಗೈ ಮೇಲೆ ಹರವಿ, ಒಂದನ್ನು ಹಲ್ಲಿನಿಂದ ಕಡಿದು, ಸುಮ್ಮನಿರಿ. ನೀವು ಸುಮ್ಮನಿದ್ದಷ್ಟೂ ರೇಟು ತಾನಾಗಿ ಇಳಿಯುತ್ತದೆ. ಆಮೇಲೆ "ಹಸಿ ಅದ" ಎನ್ನಿ. ಸರ್ಕಾರಿ ಖರೀದಿಯಲ್ಲಿ ತೇವಾಂಶ ಶೇ 12ರವರೆಗೆ ನಡೆಯುತ್ತದೆ, ಅಳೆಯಲು ಯಂತ್ರವೂ ಇದೆ. ನಿಮ್ಮ ಹಲ್ಲು ಯಂತ್ರಕ್ಕಿಂತ ಕಟ್ಟುನಿಟ್ಟಾಗಿರಲಿ.

ಅವನು 2025–26ರ ಬೆಂಬಲ ಬೆಲೆ 8,000 ರೂಪಾಯಿ ಎಂದು ತೆಗೆದರೆ ವಾದಿಸಬೇಡಿ, ಹೌದೆನ್ನಿ. ಹೆಸರು ನೋಂದಾಯಿಸಬೇಕು, ಪಾಳಿ ಹಚ್ಚಬೇಕು, ರೊಕ್ಕ ಬ್ಯಾಂಕಿಗೆ ಬರುವ ತನಕ ಕಾಯಬೇಕು ಎಂಬುದನ್ನು ಮಾತ್ರ ಮರುಕದಿಂದ ನೆನಪಿಸಿ. ಗಡಿಯಾಚೆ ತಾಂಡೂರಿನಲ್ಲಿ ರೇಟು ಬಿದ್ದಿದೆ ಎನ್ನಿ. ಬರ್ಮಾದಿಂದ, ಆಫ್ರಿಕಾದಿಂದ ಹಡಗಿನಲ್ಲಿ ತೊಗರಿ ಬರುತ್ತಿದೆ ಎಂದೂ ಸೇರಿಸಿ. ಇದು ನಿಜ, ನಡುವೆ ಒಂದು ನಿಜ ಇರಬೇಕು.

ತೂಕದಲ್ಲಿ ಕ್ವಿಂಟಲ್‌ಗೆ ಒಂದೆರಡು ಕಿಲೊ ಮುರಿಯಿರಿ. ಚೀಲದ್ದು, ಮಣ್ಣಿನದು, ಪದ್ಧತಿಯದು. ಪದ್ಧತಿ ಎಂದರೆ ಯಾರೂ ಎದುರಾಡುವುದಿಲ್ಲ. ದಲಾಲಿಯನ್ನು ರೈತನಿಂದಲೇ ಹಿಡಿಯಿರಿ. ಅದನ್ನು ಖರೀದಿದಾರ ಕೊಡಬೇಕೆಂದು ಎಪಿಎಂಸಿ ಕಾನೂನು ಹೇಳುತ್ತದೆ. ಹೇಳಲಿ. ಲೆಕ್ಕವನ್ನು ಬಿಳಿ ಚೀಟಿಯಲ್ಲಿ ಬರೆದುಕೊಡಿ, ಅದಕ್ಕೆ ಅಂಗಡಿಯ ಹೆಸರೂ ಬೇಡ, ಸಹಿಯೂ ಬೇಡ. ಈಗ ಪರಸಿಯ ವಿಷಯ: ತೂಗುವಾಗ ಚೆಲ್ಲಿದ ಕಾಳು ನುಣುಪು ಕಲ್ಲಿನ ಮೇಲೆ ಒಂದೇ ಕಸಬರಿಗೆಗೆ ಗುಡ್ಡೆಯಾಗುತ್ತದೆ. ನೆಲ ನಿಮ್ಮದು, ನೆಲಕ್ಕೆ ಬಿದ್ದದ್ದೂ ನಿಮ್ಮದು.

ಉದ್ರಿ ಮುರಿದುಕೊಂಡು ಉಳಿದದ್ದರಲ್ಲಿ ಅರ್ಧ ಕೊಡಿ. ಖಾತೆ ಎಂದೂ ಚುಕ್ತಾ ಆಗಬಾರದು. ಚುಕ್ತಾ ಆದವನು ಮುಂದಿನ ವರ್ಷ ನೇರ ಸೇಡಂಗೆ ಹೋಗುತ್ತಾನೆ. ಹೊರಡುವಾಗ ಎರಡು ಕಿಲೊ ಬೇಳೆಯನ್ನೂ ಮಾರಿ. ಗುಲಬರ್ಗಾ ತೊಗರಿ ಬೇಳೆಗೆ 2019ರಲ್ಲಿ ಭೌಗೋಳಿಕ ಸೂಚಿಕೆ ಸಿಕ್ಕಿದೆ, ಹೆಸರಾದ ಮಾಲಿಗೆ ರೇಟು ಜಾಸ್ತಿ ಎಂದು ತಿಳಿಹೇಳಿ. ಬೆಳೆದವನಿಗೆ ಹೆಮ್ಮೆಯಾಗುತ್ತದೆ.

ಕಾಲೇಜಿಗೆ ಹೋಗುವ ಮಗಳನ್ನು ಅವನು ಜೊತೆಗೆ ಕರೆತಂದು, ಅವಳು ಮೊಬೈಲ್‌ನಲ್ಲಿ ಅಂದಿನ ರೇಟು ನೋಡುತ್ತ ತಕ್ಕಡಿಯ ಪಕ್ಕದಲ್ಲೇ ನಿಂತರೆ, ಮೇಲಿನದು ಯಾವುದನ್ನೂ ಮಾಡಬೇಡಿ. ಪಕ್ಕಾ ಪಟ್ಟಿ ಬರೆದು, ಪೂರ್ತಿ ರೊಕ್ಕ ಎಣಿಸಿ ಕೊಟ್ಟು, ಬೇಗ ಕಳಿಸಿಬಿಡಿ. ಹಿಂದೆ ನಿಂತವರು ನೋಡುತ್ತಿರುತ್ತಾರೆ.