ತೇರದಾಳ ಸೀಮೆಯ ಹಿತ್ತಲಮೀಮಾಂಸೆ

ಮನೆಯ ಹಿಂಬದಿಯ ಗೋಡೆಯಿಂದ ಆರಂಭವಾಗಿ ತಿಪ್ಪೆಯಲ್ಲಿಯೋ ಬಣವೆಯಲ್ಲಿಯೋ ನೆರೆಯವರೊಂದಿಗಿನ ಗಡಿತಂಟೆಯಲ್ಲಿಯೋ ಮುಕ್ತಾಯವಾಗುವ ಭೂಭಾಗಕ್ಕೆ ಹಿತ್ತಲೆಂದು ಹೆಸರು. ಈ ಭೂಭಾಗವು ನೋಡಿದವರ ಮನಸ್ಸನ್ನು ಸೆಳೆದು, ಬಂದವರನ್ನು ಕೂರಿಸಿ, ಕೂತವರನ್ನು ಏಳಗೊಡದಂತೆ ರೂಪಿಸುವ ವಿದ್ಯೆಯು ಈಚೆಗೆ ನಗರಗಳಲ್ಲಿ ಪ್ರತ್ಯೇಕ ಶಾಸ್ತ್ರವಾಗಿ ಬೆಳೆದು, ಚದರಡಿಯ ಲೆಕ್ಕದಲ್ಲಿ ದಕ್ಷಿಣೆ ಸ್ವೀಕರಿಸುವ ಆಚಾರ್ಯರೂ ಅದಕ್ಕೆ ದೊರೆತಿರುವುದರಿಂದ, ಅವರ ಸೂತ್ರಗಳನ್ನು ಬಾಗಲಕೋಟೆ ಜಿಲ್ಲೆಯ ತೇರದಾಳದ ಹಿತ್ತಲುಗಳಿಗೆ ಒರೆ ಹಚ್ಚಿ ನೋಡುವುದು ಪ್ರಸ್ತುತ ಪ್ರಬಂಧದ ಉದ್ದೇಶವಾಗಿದೆ.

ಆಕರಗಳ ವಿಷಯದಲ್ಲಿ ಸಂಶೋಧಕನಿಗೆ ಮೊದಲೇ ನಿರಾಶೆ ಕಾದಿದೆ. ಊರಿನ ಪ್ರಾಚೀನತೆಯೇನೋ ನಿರ್ವಿವಾದವಾದುದು. ಕಲ್ಯಾಣ ಚಾಲುಕ್ಯರ ಆರನೆಯ ವಿಕ್ರಮಾದಿತ್ಯನ ಆಳ್ವಿಕೆಯಲ್ಲಿ, ಕ್ರಿ.ಶ. 1122ರ ಸುಮಾರಿಗೆ, ಇಲ್ಲಿನ ಮಾಂಡಲಿಕ ಗೊಂಕನು ನೇಮಿನಾಥನಿಗೆ ಬಸದಿ ಕಟ್ಟಿಸಿದ್ದನ್ನು ಶಾಸನವು ಸಾರುತ್ತದೆ. ಅದಕ್ಕೂ ಸುಮಾರು ನೂರು ವರ್ಷ ಹಿಂದೆ, 1025ರಲ್ಲಿ, ಚಾವುಂಡರಾಯನು ಕನ್ನಡದಲ್ಲಿಯೇ ಬರೆದ ‘ಲೋಕೋಪಕಾರ’ದಲ್ಲಿ ಅಂತರ್ಜಲ ಹುಡುಕುವ ಬಗೆಯೂ ಗಿಡಮರಗಳ ರೋಗಕ್ಕೆ ಮದ್ದೂ ಇವೆ; ವಿಕ್ರಮಾದಿತ್ಯನ ಮಗ ಮೂರನೆಯ ಸೋಮೇಶ್ವರನ ‘ಮಾನಸೋಲ್ಲಾಸ’ದಲ್ಲಿ ಅರಸರು ಉದ್ಯಾನಗಳಲ್ಲಿ ವಿಹರಿಸಬೇಕಾದ ವಿಧಾನವು ಸವಿಸ್ತಾರವಾಗಿ ನಿರೂಪಿತವಾಗಿದೆ. ದೇವರಿಗೆ ಹೂದೋಟ ಬಿಟ್ಟುಕೊಟ್ಟ ದಾನಶಾಸನಗಳಂತೂ ಕರ್ನಾಟಕದ ತುಂಬ ಹೇರಳವಾಗಿವೆ. ಹೀಗೆ ದೇವರಿಗೂ ದೊರೆಗೂ ತೋಟಗಳಿದ್ದು ಅವಕ್ಕೆ ದಾಖಲೆಯೂ ಇದ್ದು, ಅದೇ ದೇವರಿಗೆ ಹೂವನ್ನೂ ಅದೇ ದೊರೆಯ ಪ್ರಜೆಗೆ ಪಲ್ಯವನ್ನೂ ಒದಗಿಸಿದ ಹಿತ್ತಲಿಗೆ ಮಾತ್ರ ಒಂದು ವೀರಗಲ್ಲೂ ಇಲ್ಲದಿರಲು ಕಾರಣವನ್ನು ಊಹಿಸುವುದು ಕಷ್ಟವಲ್ಲ: ಶಾಸನ ಬರೆಸಿದವರು ಮುಂಬಾಗಿಲಿನಿಂದಲೇ ಬಂದು ಮುಂಬಾಗಿಲಿನಿಂದಲೇ ಹೋದರು. 1948ರವರೆಗೆ ಈ ಊರು ಸಾಂಗಲಿ ಸಂಸ್ಥಾನಕ್ಕೆ ಸೇರಿತ್ತಾದರೂ ಅದರಿಂದ ಕುಂಬಳಬಳ್ಳಿ ಹಬ್ಬುವ ದಿಕ್ಕಿನಲ್ಲಿ ವ್ಯತ್ಯಾಸವೇನೂ ಆದಂತೆ ತೋರುವುದಿಲ್ಲ.

ನವೀನ ಆಚಾರ್ಯರ ಮೊದಲ ಸೂತ್ರವು ದೃಷ್ಟಿಕೇಂದ್ರವನ್ನು ಕುರಿತದ್ದು. ದೃಷ್ಟಿಕೇಂದ್ರವೆಂದರೆ ಹಿತ್ತಲಿಗೆ ಕಾಲಿಟ್ಟವರ ಕಣ್ಣು ಮೊಟ್ಟಮೊದಲು ನೆಲೆಗೊಳ್ಳುವ ವಸ್ತು. ಅದು ಕಾರಂಜಿಯೋ ಬಿಳಿಯ ಸಿಮೆಂಟಿನ ಅಪ್ಸರೆಯೋ ಆಗಿರಬಹುದೆಂದು ಅವರು ವಿಧಿಸುತ್ತಾರೆ. ತೇರದಾಳದಲ್ಲಿ ಈ ಸ್ಥಾನವು ಅನಾದಿಯಿಂದ ಜೋಳದ ಕಣಿಕೆಯ ಬಣವೆಗೆ ಮೀಸಲಾಗಿದ್ದು, ಹಿಂಗಾರಿ ಸುಗ್ಗಿ ಮುಗಿದ ಕೂಡಲೇ ಮಾಳಿಗೆಯ ಎತ್ತರಕ್ಕೆ ನಿಲ್ಲುವ ಈ ಕೃತಿಯು ಬೇಸಿಗೆಯುದ್ದಕ್ಕೂ ದಿನಕ್ಕಿಷ್ಟು ಕರಗುತ್ತ, ಆಷಾಢದ ಹಸಿ ಹುಲ್ಲು ಬರುವ ಹೊತ್ತಿಗೆ ನೆಲಸಮವಾಗುತ್ತದೆ. ಅಪ್ಸರೆಗೆ ಈ ಗುಣವಿಲ್ಲ. ಆಕೆಯನ್ನು ದನ ತಿನ್ನುವುದಿಲ್ಲ.

ಹುಲ್ಲುಹಾಸಿನ ಸೂತ್ರವನ್ನು ಬೇಗನೆ ದಾಟಬಹುದು. ಹದಿನೆಂಟನೆಯ ಶತಮಾನದ ಇಂಗ್ಲೆಂಡಿನಲ್ಲಿ ಲ್ಯಾನ್ಸಲಾಟ್ ಬ್ರೌನ್ ಮೊದಲಾದ ಉದ್ಯಾನಕಾರರು ಧಣಿಗಳ ಬಂಗಲೆಯ ಮುಂದೆ ಹಸಿರು ಬಯಲನ್ನು ಹರಡಿ, ಮೇಯುವ ಹಸುಗಳು ಕಣ್ಣಿಗೆ ಬೀಳಬೇಕು, ಆದರೆ ಅಂಗಳಕ್ಕೆ ಬರಬಾರದೆಂದು ಕಾಣದಂತೆ ಒಂದು ಕಂದಕವನ್ನು ತೋಡಿಸುತ್ತಿದ್ದರು. ವರ್ಷಕ್ಕೆ ಸುಮಾರು 550 ಮಿಲಿಮೀಟರ್ ಮಳೆ ಬೀಳುವ ಬಾಗಲಕೋಟೆ ಜಿಲ್ಲೆಯ ಎರೆಭೂಮಿಯಲ್ಲಿ ಅಂಥ ಕಂದಕವನ್ನು ಯಾರೂ ತೋಡಬೇಕಾಗಿಲ್ಲ, ಚೈತ್ರ ಬಂದರೆ ನೆಲವೇ ಬಿರಿದು ಸಿದ್ಧಪಡಿಸಿಕೊಡುತ್ತದೆ. ಇನ್ನು ಗ್ವಾದಲಿಯ, ಎಂದರೆ ದನಕ್ಕೆ ಮೇವು ಹಾಕುವ ತೊಟ್ಟಿಯ, ಮುಂದೆ ಕಟ್ಟಿದ ಎಮ್ಮೆಯನ್ನು ದೂರದಿಂದ ನೋಡಿ ಆನಂದಿಸಬೇಕೆಂಬ ಮಾತನ್ನು ಅದರ ಸೆಗಣಿ ಬಾಚುವವರು ಒಪ್ಪುವುದಿಲ್ಲ. ನೆಲಹಾಸಿನ ಮಾತೂ ಹೀಗೆಯೇ: ಮಳೆಗೆ ಉಬ್ಬಿ ಬಿಸಿಲಿಗೆ ಕುಗ್ಗುವ ಈ ಮಣ್ಣಿನ ಮೇಲೆ ಸಿಮೆಂಟಿನಿಂದ ಕೂಡಿಸಿದ ಬಣ್ಣದ ಟೈಲ್ಸ್ ನಿಲ್ಲದೆಂಬುದನ್ನು ಅರಿತೇ ಹಿಂದಿನವರು ಗರಸು ಮಣ್ಣು ಹಾಕಿ, ಅದರ ಮೇಲೆ ಪರಸಿಯನ್ನು, ಎಂದರೆ ತೆಳುವಾದ ಹಾಸುಗಲ್ಲನ್ನು, ಸಡಿಲವಾಗಿ ಹಾಸಿ ಸುಮ್ಮನಾದರು.

ಈಗ ಪ್ರಬಂಧದ ಪ್ರಧಾನ ವಿಷಯಕ್ಕೆ ಬರಬಹುದು. ಹರಿಯುವ ನೀರಿನ ಸದ್ದಿನಿಂದ ಮನಸ್ಸನ್ನು ತಣಿಸುವ ರಚನೆಗೆ ನವೀನರು ಜಲವೈಭವವೆನ್ನುತ್ತಾರೆ. ಅದು ಅವರಲ್ಲಿ ವಿದ್ಯುತ್ ಪಂಪಿನಿಂದ ನಡೆದರೆ ತೇರದಾಳದಲ್ಲಿ ಮನೆಮಂದಿಯ ಜಳಕದಿಂದ ನಡೆಯುತ್ತದೆ. ಬಚ್ಚಲ ಕಲ್ಲಿನ ಮೂಲೆಯ ಕಿಂಡಿಯಿಂದ ಹೊರಬಿದ್ದ ನೀರು ಗೇಣಗಲದ ಕಾಲುವೆ ಹಿಡಿದು ಮೊದಲು ಬಾಳೆಯ ಬುಡಕ್ಕೆ, ಅಲ್ಲಿ ಮಡಿ ತುಂಬಿದರೆ ತೊಂಡೆಯ ಚಪ್ಪರಕ್ಕೆ, ಅಲ್ಲಿಯೂ ಮಿಕ್ಕರೆ ನೆರೆಮನೆಯವರ ಗೋಡೆಯ ಅಡಿಪಾಯಕ್ಕೆ ಸಲ್ಲುತ್ತದೆ. ಈ ಮೂರನೆಯ ಹಂತವನ್ನು ಕುರಿತ ಮೌಖಿಕ ಸಾಹಿತ್ಯವು ಅಪಾರವಾಗಿದ್ದರೂ ಅದರ ಬಹುಭಾಗವು ಅಚ್ಚಿಗೆ ಯೋಗ್ಯವಾದುದಲ್ಲ. ತುಳಸಿಗೆ ಸಾಬೂನು ಸೋಕದ ತಂಬಿಗೆಯ ನೀರು, ಕರಿಬೇವಿಗೆ ಹುಳಿ ಮಜ್ಜಿಗೆ, ಎಲೆಗೆ ಹೇನು ಹತ್ತಿದ ಅವರೆಬಳ್ಳಿಗೆ ನೀರೊಲೆಯ ಬೂದಿ ಎಂದು ಪ್ರತಿಯೊಂದಕ್ಕೂ ಅದರದರ ಪಾಲು ನಿಗದಿಯಾಗಿದ್ದು, ಯಾವ ಗಿಡ ಎಲ್ಲಿರಬೇಕೆಂಬುದನ್ನು ಯಾವ ವಿನ್ಯಾಸಕಾರನೂ ನಿರ್ಧರಿಸದೆ ಬಚ್ಚಲೊಂದೇ ನಿರ್ಧರಿಸಿದೆಯೆಂಬ ಈ ಮತಕ್ಕೆ ಬಚ್ಚಲಮೂಲವಾದವೆಂದು ಹೆಸರಿಡಬಹುದು. ಪಂಚಮಿಗೆ ಹೆಣ್ಣುಮಕ್ಕಳು ಮಕ್ಕಳೊಂದಿಗೆ ತವರಿಗೆ ಬಂದು, ದಿನಕ್ಕೆರಡು ಹಂಡೆ ನೀರು ಹೆಚ್ಚಿಗೆ ಕಾಯತೊಡಗಿದಾಗ ಬಾಳೆಯು ಒಮ್ಮೆಲೇ ಸುಳಿ ಬಿಚ್ಚುವುದು ಈ ವಾದಕ್ಕೆ ಪ್ರಬಲ ಪುರಾವೆಯಾಗಿದೆ. ಅದು ಶ್ರಾವಣದ ಮಳೆಯ ಫಲವಾಗಿರಬಹುದೆಂಬ ಆಕ್ಷೇಪವನ್ನು ಅಳಿಯಂದಿರು ಎತ್ತಿದ್ದು, ಅವರು ಪಕ್ಷಪಾತಿಗಳಾದ ಕಾರಣ ಅದನ್ನಿಲ್ಲಿ ಪರಿಗಣಿಸಿಲ್ಲ.

ಹೊರಾಂಗಣ ಪೀಠೋಪಕರಣಗಳಲ್ಲಿ ಬೇವಿನ ನೆರಳಿನ ನುಲಿ ಹೊರಸು ಎಲ್ಲರಿಗೂ ಪರಿಚಿತವಾದುದರಿಂದ ಅದನ್ನು ಬಿಟ್ಟು ಶಾವಿಗೆ ಮಣೆಯನ್ನು ಪರಿಶೀಲಿಸಬಹುದು. ಇದು ಗೀರು ಹಾಕಿದ ಉದ್ದನೆಯ ಹಲಗೆ. ಒಬ್ಬಾಕೆ ಅದರ ಒಂದು ತುದಿಗೆ ಕೂತು, ನಾದಿ ನೆನೆಸಿದ ಗೋಧಿಹಿಟ್ಟಿನ ಉಂಡೆಯನ್ನು ಅಂಗೈಯಿಂದ ಒತ್ತಿ ಹೊಸೆಯುತ್ತ ಹೋದಂತೆ ಗೀರುಗುಂಟ ಎಳೆ ಇಳಿಯುತ್ತದೆ, ಎದುರಿಗೆ ಕೂತಾಕೆ ಆ ಎಳೆಯನ್ನು ಹರಿಯಗೊಡದೆ ಎರಡೂ ಕೈಯಲ್ಲಿ ಎಳೆದೆಳೆದು ಕೋಲಿಗೆ ಇಳಿಬಿಡುತ್ತಾಳೆ, ಮೂರನೆಯವಳು ಕೋಲನ್ನು ಬಿಸಿಲಿಗೆ ಒಯ್ಯುತ್ತಾಳೆ, ನಾಲ್ಕನೆಯವಳು ಊರ ಸುದ್ದಿ ಹೇಳುತ್ತಾಳೆ. ಇಂದು ನಮ್ಮಲ್ಲಿ, ನಾಳೆ ನಿಮ್ಮಲ್ಲಿ ಎಂಬ ಮುಯ್ಯಿಯ ಕಟ್ಟಳೆಯಂತೆ ನಡೆಯುವ ಈ ಕೆಲಸದಲ್ಲಿ ನಾಲ್ಕನೆಯವಳದೇ ಅತ್ಯಂತ ಹೊಣೆಗಾರಿಕೆಯ ಹುದ್ದೆ. ಆಕೆ ಬರದ ದಿನ ಎಳೆ ದಪ್ಪವಾಗುತ್ತದೆ. ಯಂತ್ರದ ಶಾವಿಗೆ ಬಂದ ಮೇಲೆ ಹಲವು ಮನೆಗಳಲ್ಲಿ ಮಣೆಯು ಅಟ್ಟ ಸೇರಿದ್ದು, ಹೊರಗೆ ಕೂರಲು ಜಾಗವಿಲ್ಲವೆಂಬ ದೂರು ಹುಟ್ಟಿದ್ದೂ ಅಲ್ಲಿಂದೀಚೆಗೇ.

ವರ್ಣಸಂಯೋಜನೆಯ ಸೂತ್ರಕ್ಕೆ ಪಕ್ಕದ ರಬಕವಿ-ಬನಹಟ್ಟಿಯ ನೇಕಾರರ ಹಿತ್ತಲು ಉತ್ತರವಾಗಿದ್ದು, ಬಣ್ಣಕ್ಕೆ ಅದ್ದಿ ಗಳದ ಮೇಲೆ ಹರವಿದ ನೂಲಿನ ಲಡಿಗಳು ಈ ವಾರ ಕಡುಗೆಂಪಾಗಿದ್ದು ಮುಂದಿನ ವಾರ ಗಿಳಿಹಸಿರಾಗುವುದು ವ್ಯಾಪಾರಿಯ ಬೇಡಿಕೆಯನ್ನು ಅವಲಂಬಿಸಿದೆ.

ಉಳಿದಿರುವುದು ಆಹ್ವಾನಕತೆಯ ಪ್ರಶ್ನೆ. ಹಿತ್ತಲು ತಾನಾಗಿ ಜನರನ್ನು ಒಳಕ್ಕೆ ಸೆಳೆದುಕೊಳ್ಳುವ ಶಕ್ತಿಗೆ ಆಹ್ವಾನಕತೆಯೆಂದು ಹೆಸರು. ಅದನ್ನು ನವೀನರು ದೀಪಗಳ ಸಂಖ್ಯೆಯಿಂದಲೂ ದಿಂಬುಗಳ ಮೆತ್ತನೆಯಿಂದಲೂ ಅಳೆಯುತ್ತಾರೆ. ಈ ಪ್ರಬಂಧವು ಮಂಡಿಸುವ ಮಾನವು ಕರಿಬೇವಿನ ಎಸಳಾಗಿದೆ. ಒಗ್ಗರಣೆಗೆ ಎಣ್ಣೆ ಇಟ್ಟ ಮೇಲೆಯೇ ಕರಿಬೇವು ಇಲ್ಲದ್ದು ನೆನಪಾಗುವುದು ಮನುಷ್ಯಸ್ವಭಾವವಾದುದರಿಂದ, ಗಿಡವಿರುವ ಹಿತ್ತಲಿಗೆ ದಿನಕ್ಕೆ ಒಬ್ಬರಾದರೂ ಹಿಂಬಾಗಿಲಿನಿಂದ ಬರಲೇಬೇಕು. “ಅಕ್ಕಾ, ಎರಡ ಎಸಳ ಕರಿಬೇವು ಹರ್ಕೊಳ್ಳಲೇನ?” ಎಂಬ ಆಗಂತುಕಳ ವಾಕ್ಯಕ್ಕೆ “ಹರ್ಕೋ ಯವ್ವಾ, ಕೇಳೂದೇನೈತಿ” ಎಂಬುದು ವಿಧ್ಯುಕ್ತ ಪ್ರತಿವಚನವಾಗಿದ್ದು, ಎರಡೆಸಳು ಹರಿಯಲು ಮುಕ್ಕಾಲು ತಾಸು ಹಿಡಿಯುವುದೂ ಅಷ್ಟರಲ್ಲಿ ಅತ್ತ ಎಣ್ಣೆ ಹೊತ್ತುವುದೂ ಲೋಕಾನುಭವ. ನುಗ್ಗೆಗೂ ಈ ಶಕ್ತಿಯುಂಟು, ಆದರೆ ಮಳೆಗಾಲದಲ್ಲಿ ಕಂಬಳಿಹುಳುಗಳು ಅತಿಥಿಗಳಿಗಿಂತ ಮೊದಲೇ ಬಂದು ನೆಲೆಸುವುದರಿಂದ ಅದರ ಸ್ಥಾನವು ಎರಡನೆಯದು. ಕೇವಲ ಕೂರುವುದಕ್ಕೆಂದು ಇಟ್ಟ ಆಸನದಲ್ಲಿ ಯಾರೂ ಕೂರುವುದಿಲ್ಲವೆಂಬುದೂ, ಬೇರೊಂದು ಕೆಲಸದ ನೆಪದಲ್ಲಿ ಬಂದವರು ಒರಳಕಲ್ಲಿನ ಮೇಲಾದರೂ ಕೂರುತ್ತಾರೆಂಬುದೂ ಇದರಿಂದ ಸಿದ್ಧವಾಗುತ್ತದೆ.

2008ರಲ್ಲಿ ತೋಟಗಾರಿಕೆ ವಿಜ್ಞಾನಗಳ ವಿಶ್ವವಿದ್ಯಾಲಯವನ್ನೇ ಪಡೆದ ಬಾಗಲಕೋಟೆ ಜಿಲ್ಲೆಯಲ್ಲಿ ಹಿತ್ತಲಿಗೆ ಒಂದು ಅಧ್ಯಯನಪೀಠವನ್ನು ಬೇಡುವುದು ಅತಿಯಾಸೆಯೇನಲ್ಲ. ಪೀಠವೆಂದರೆ ಶಾವಿಗೆ ಮಣೆಯೂ ಆದೀತು. ಅಲ್ಲಿಯವರೆಗೆ, ಚಿತ್ರಪುಸ್ತಕ ನೋಡಿ ಹಿತ್ತಲು ಕಟ್ಟಿಸಹೊರಟ ಗೃಹಸ್ಥರು ಬಚ್ಚಲ ನೀರನ್ನು ಪೈಪಿನೊಳಗೆ ಹೂಳಬಾರದು, ಹಿಂಬಾಗಿಲಿಗೆ ಸಂಜೆಯ ಮುನ್ನ ಅಗುಳಿ ಹಾಕಬಾರದು, ಕರಿಬೇವಿನ ಗಿಡವನ್ನು ಕೈಗೆಟುಕುವ ಎತ್ತರಕ್ಕೆ ಸವರಿಡಬೇಕು. ಈಗಾಗಲೇ ದುಡ್ಡು ಸುರಿದು ಸಿಮೆಂಟಿನ ಬೆಂಚು ಹಾಕಿಸಿಬಿಟ್ಟಿದ್ದರೆ ಅದನ್ನು ಒಡೆಸಬೇಕಾಗಿಲ್ಲ. ಬಿಸಿಲು ಚೆನ್ನಾಗಿ ಬೀಳುವ ಕಡೆಗಿದ್ದರೆ ಅದರ ಮೇಲೆ ಹಪ್ಪಳ ಒಣಹಾಕಬಹುದು.