ಮಾತ್ರೆ ಮೊದಲು, ವರದಿ ಆಮೇಲೆ

"ಏನ್ ಶೆಟ್ರೇ, ಕಳಪೆ ಔಷಧಿಗಳ ಪಟ್ಟಿ ಪೇಪರಲ್ಲಿ ಬಂದಿದೆ. ನನ್ನ ಗ್ಯಾಸ್ಟ್ರಿಕ್ ಮಾತ್ರೆಯೂ ಇದೆಯಲ್ರೀ!"

"ಗಾಬರಿಯಾಗಬೇಡಿ ರಾಯರೇ. ಕೆಟ್ಟಿದ್ದು ಒಂದು ಬ್ಯಾಚ್ ಮಾತ್ರ. ನಿಮ್ಮದು ಯಾವ ಬ್ಯಾಚು?"

"ನುಂಗಿ ತಿಂಗಳಾಯ್ತು. ಸ್ಟ್ರಿಪ್ಪು ಕಸದ ಗಾಡಿಗೆ ಹೋಯ್ತು."

"ಹಾಗಾದ್ರೆ ಗಲಾಟೇನೇ ಇಲ್ಲ. ವಾಪಸ್ ಪಡೆಯೋಕೆ ಮಾಲೇ ಉಳಿದಿಲ್ಲವಲ್ಲ!"

"ಇದನ್ನೆಲ್ಲ ನೋಡಿಕೊಳ್ಳೋರು ಯಾರ್ರೀ?"

"ದೆಹಲಿಯಲ್ಲಿ ಸಿಡಿಎಸ್‌ಸಿಒ ಅಂತ ಕೇಂದ್ರದ ಔಷಧ ನಿಯಂತ್ರಣ ಸಂಸ್ಥೆ ಇದೆ. ಹೊಸ ಔಷಧಿಗೆ ಒಪ್ಪಿಗೆ ಅವರದು, ತಿಂಗಳ ಪಟ್ಟಿಯೂ ಅವರದೇ. ಆದರೆ ಕಾರ್ಖಾನೆಗೆ ಲೈಸೆನ್ಸ್ ಕೊಡೋದು ಸಾಮಾನ್ಯವಾಗಿ ರಾಜ್ಯ. ಎಲ್ಲಾ 1940ರ ಔಷಧ ಕಾಯ್ದೆ ಪ್ರಕಾರ. ಹಿಮಾಚಲದ ಮಾತ್ರೆ ಇಲ್ಲಿ ಫೇಲಾದ್ರೆ, ಇಲ್ಲಿಂದ ಅಲ್ಲಿಗೆ ಕಾಗದ ಹೋಗಬೇಕು."

"ಕಾಗದ ತಲುಪೋ ಹೊತ್ತಿಗೆ?"

"ಮಾತ್ರೆ ತಲುಪಬೇಕಾದ ಕಡೆ ತಲುಪಿರುತ್ತೆ."

(ಶೆಟ್ಟರ ಅಂಗಡಿಯಲ್ಲಿ ಹಾಸ್ಯಕ್ಕೆ ಜಿಎಸ್‌ಟಿ ಇಲ್ಲ.)

"ಹೋಗಲಿ, ಮಂಡಿನೋವಿಗೆ ಆ ಡಬ್ಬ ಕೊಡಿ. ಒಳ್ಳೇ ಔಷಧಿಯಂತೆ."

"ಅದು ಔಷಧಿಯಲ್ಲ ರಾಯರೇ, ಆಹಾರ! ಆಹಾರ ಸುರಕ್ಷತೆಯವರ ಎಫ್‌ಎಸ್‌ಎಸ್‌ಎಐ ನಂಬರ್ ನೋಡಿ. ಕೆಳಗೆ ಇರುವೆ ಸಾಲಿನಂಥ ಅಕ್ಷರದಲ್ಲಿ 'ಔಷಧೀಯ ಬಳಕೆಗಲ್ಲ' ಅಂತಿದೆ."

"ಮತ್ತೆ ಮೆಡಿಕಲ್ ಶಾಪಲ್ಲಿ ಯಾಕಿಟ್ಟಿದ್ದೀರಿ?"

"ಇಡ್ಲಿ ಹೋಟೆಲಲ್ಲಿಟ್ರೆ 900 ರೂಪಾಯಿ ಯಾರು ಕೊಡ್ತಾರೆ?"

"ಸರಿ, ಮಾತ್ರೆ ಪೊಟ್ಟಣದ ಮೇಲಿರೋ ಈ ಕ್ಯೂಆರ್ ಕೋಡ್ ಏನ್ರೀ?"

"2023ರ ಆಗಸ್ಟ್‌ನಿಂದ 300 ಬ್ರ್ಯಾಂಡ್‌ಗಳಿಗೆ ಕಡ್ಡಾಯ. ಸ್ಕ್ಯಾನ್ ಮಾಡಿದ್ರೆ ತಯಾರಕರ ಹೆಸರು, ಬ್ಯಾಚು, ಎಕ್ಸ್‌ಪೈರಿ ಎಲ್ಲ ಬರುತ್ತೆ."

"ಮಿಕ್ಕ ಮಾತ್ರೆಗಳಿಗೆ?"

"ಮಿಕ್ಕವಕ್ಕೆ ಮನೆದೇವರು. ಬಿಲ್ ಬೇಕಾ?"

"ಬೇಡ ಬಿಡಿ, ಯಾಕೆ ಸುಮ್ನೆ ಕಾಗದ."

ಓದುಗರೇ, ನೀವಾದರೂ ಬಿಲ್ ಕೇಳಿ. ಸ್ಟ್ರಿಪ್ಪು ಕಸದ ಗಾಡಿಗೆ ಹೋದರೂ ಬ್ಯಾಚ್ ಸಂಖ್ಯೆ ಅದರಲ್ಲಿರುತ್ತದೆ.